ನೀಲಿ ಬಾನಿಯ ನಿದ್ದೆ

"ಅವ್ವಾ, ನಾನು ಇನ್ನೇನು ತಿದ್ದಿಕೊಳ್ಳಬೇಕು?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಬಸವಂತ. ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟವನು. ಗುಡ್ಡದ ಮಠದ ಅವ್ವನ ಬಳಿ ಸೋಮವಾರಕ್ಕೊಮ್ಮೆ ಬಂದು ಕೂಡುತ್ತಿದ್ದ.

"ನಸುಕಿಗೇ ಎದ್ದು ಓಡುತ್ತೇನೆ. ಎಣ್ಣೆ ಪದಾರ್ಥ ಬಿಟ್ಟೆ. ಗಿರಾಕಿಗಳ ಮೇಲೆ ಸಿಟ್ಟು ಮಾಡುವುದನ್ನು ಬಿಟ್ಟೆ. ಹೆಂಡತಿ ಮಾತಾಡುವಾಗ ನಡುವೆ ಬಾಯಿ ಹಾಕುವುದಿಲ್ಲ. ಸಂಜೆ ಮಕ್ಕಳ ಜೊತೆ ಆಡುತ್ತೇನೆ. ಎಲ್ಲವನ್ನೂ ಮಾಡುತ್ತಿದ್ದೇನೆ. ಆದರೂ ಏಳುವಾಗಲೇ ಮೈ ಸೋತಿರುತ್ತದೆ. ಎಲ್ಲಿ ಕಡಿಮೆ ಬಿದ್ದೆ, ಹೇಳು."

ಅವ್ವ ಅವನ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಕೂತುಕೋ ತಮ್ಮಾ. ಹಾಗಲ್ಲ, ಬೆನ್ನು ಸೆಟೆಸಿಕೊಂಡು ಅಲ್ಲ. ಕಂಬಕ್ಕೆ ಒರಗು. ಕಾಲು ಚಾಚು. ನನ್ನೆದುರು ಕಾಲು ಚಾಚಿದರೆ ಪಾಪ ಬರುವುದಿಲ್ಲ, ಬಂದರೆ ನನ್ನ ತಲೆಗಿರಲಿ. ಒಂದು ಕತೆ ಹೇಳುತ್ತೇನೆ. ಹೂಂ ಅನ್ನುವ ಕಷ್ಟವೂ ಬೇಡ. ನಿದ್ದೆ ಬಂದರೆ ಮಲಗು, ಕತೆ ಎಲ್ಲಿಗೂ ಓಡಿಹೋಗುವುದಿಲ್ಲ."

ಒಂದೂರಿನಲ್ಲಿ ಒಬ್ಬ ಬಣ್ಣಗಾರ. ಗುರುಪಾದ ಎಂದು ಹೆಸರು. ನೂಲಿಗೆ ನೀಲಿ ಹಾಕುವುದು ಅವನ ಮನೆತನದ ಕಸುಬು. ಆ ಊರಿನ ನೇಕಾರರು ನೆಯ್ದ ಸೀರೆಗಳಲ್ಲಿ ಎಷ್ಟು ನೀಲಿ ಇತ್ತೋ ಅಷ್ಟೂ ಅವನ ಮನೆಯ ಒಂದೇ ಬಾನಿಯಿಂದ ಬಂದದ್ದು.

ಬಾನಿ ಎಂದರೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಪಾತ್ರೆ. ಅದರೊಳಗೆ ನೀಲಿ, ಸುಣ್ಣದ ತಿಳಿ, ಬೆಲ್ಲ. ಕಲಸಿ ಮುಚ್ಚಿಟ್ಟರೆ ದೋಸೆ ಹಿಟ್ಟಿನ ಹಾಗೆ ಹುಳಿ ಬರುತ್ತದೆ. ಆ ಹುಳಿಯೇ ಬಾನಿಯ ಜೀವ. ಜೀವವಿರುವ ಬಾನಿಯ ನೀರು ನೀಲಿಯಾಗಿರುವುದಿಲ್ಲ, ಹಳದಿ ಬೆರೆತ ಹಸಿರಾಗಿರುತ್ತದೆ. ನೂಲು ಅದ್ದಿ ಮೇಲೆತ್ತಿದರೆ, ಗಾಳಿ ತಾಗಿ, ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಒಳಗಿನ ನೀರೇ ನೀಲಿಯಾಯಿತೋ, ಬಾನಿ ಸತ್ತಿತು. ಆಮೇಲೆ ಎಷ್ಟು ಅದ್ದಿದರೂ ನೂಲಿಗೆ ಬಣ್ಣ ಕೂರುವುದಿಲ್ಲ.

ಕೆಲಸ ಮಾಡಿದ ಬಾನಿ ದಣಿಯುತ್ತದೆ. ಆಗ ಒಂದು ಹಿಡಿ ಬೆಲ್ಲ ಹಾಕಿ, ಮುಚ್ಚಳ ಮುಚ್ಚಿ, ಮೇಲೆ ಕಂಬಳಿ ಹೊದಿಸಿ ಬಿಟ್ಟುಬಿಡಬೇಕು. ಗುರುಪಾದನ ಮನೆಯಲ್ಲಿ ಅದನ್ನು ಬಾಣಂತಿ ಎಂದೇ ಕರೆಯುತ್ತಿದ್ದರು. ಬಾನಿ ಮಲಗಿದಾಗ ಯಾರೂ ಅದರ ಹತ್ತಿರ ಜೋರಾಗಿ ಮಾತಾಡುತ್ತಿರಲಿಲ್ಲ, ಒನಕೆ ಹಿಡಿಯುತ್ತಿರಲಿಲ್ಲ. ನೇಕಾರರು ಬಂದರೆ ಹೊಸ್ತಿಲಲ್ಲೇ ನಿಂತು "ಎದ್ದಿದ್ದಾಳಾ?" ಎಂದು ಕೇಳುವರು. "ಮಲಗಿದ್ದಾಳೆ" ಎಂದರೆ ನೂಲಿನ ಗಂಟು ಹೊತ್ತು ಹಿಂದಿರುಗುವರು. ಯಾವಾಗ ಏಳುತ್ತಾಳೆ ಎಂದು ಕೇಳಿದವರಿಲ್ಲ. ಬಾಣಂತಿಯನ್ನು ಎಬ್ಬಿಸಿ ಕೇಳುವುದುಂಟೆ?

ತಾಯಿ ಸತ್ತ ಮೇಲೆ ಬಾನಿ ಗುರುಪಾದನ ಕೈಗೆ ಬಂತು. ಮನೆಯಲ್ಲಿ ಅವನು, ಅವನ ಹೆಂಡತಿ ದುಂಡವ್ವ, ಮತ್ತೆ ಆ ಬಾನಿ. ನಡೆದುಕೊಂಡು ಹೋಗುತ್ತಿತ್ತು.

ಹೀಗಿರುವಾಗ ಒಬ್ಬ ಬಟ್ಟೆ ವ್ಯಾಪಾರಿ ಬಂದ. ನೂಲಿನ ಲಡಿಯೊಂದನ್ನು ಬೆಳಕಿಗೆ ಹಿಡಿದು, "ಒಳ್ಳೆಯ ನೀಲಿ," ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಇನ್ನೂ ಒಳ್ಳೆಯದಾಗಬಹುದು," ಎಂದು ಸೇರಿಸಿ, ಎಲೆ ಅಡಿಕೆ ಉಗುಳಿ ಹೊರಟುಹೋದ. ಓಣಿ ದಾಟುವಷ್ಟರಲ್ಲಿ ಅವನಿಗೆ ಆ ಮಾತು ಮರೆತಿತ್ತು. ಗುರುಪಾದನಿಗೆ ಮಾತ್ರ ಕಿವಿಯಲ್ಲಿ ಇರುವೆ ಹೊಕ್ಕ ಹಾಗಾಯಿತು.

ಇನ್ನೂ ಒಳ್ಳೆಯದಾಗಬಹುದು. ಹಾಗಾದರೆ ನೀಲಿ ಒಂದೇ ಯಾಕೆ? ಅವನು ತನ್ನನ್ನು ತಾನೇ ನೋಡಿಕೊಂಡ. ಹೊಟ್ಟೆ ಮುಂದೆ ಬಂದಿತ್ತು. ರಾತ್ರಿಯ ರೊಟ್ಟಿ ಬಿಟ್ಟು ಹುರುಳಿಕಟ್ಟು ಕುಡಿದ. ಕೋಳಿಗಿಂತ ಮುಂಚೆ ಎದ್ದು ಗುಡ್ಡ ಹತ್ತಿ ಇಳಿದ. "ಗುರುಪಾದಣ್ಣ ಕೂಗಿದ ಮೇಲೆ ನಮ್ಮ ಹುಂಜ ಏಳುತ್ತದೆ," ಎಂದು ಓಣಿಯವರು ನಕ್ಕರು. ನಗಲಿ ಎಂದುಕೊಂಡ. ಸಂಜೆ ಕೈಕಾಲು ತೊಳೆದು ಹೆಂಡತಿಯ ಎದುರು ಕೂತು ಕೇಳಿದ:

"ದುಂಡವ್ವಾ, ನನ್ನಿಂದ ನಿನಗೇನು ಕೊರತೆ?"

ಆ ದಿನ ದುಂಡವ್ವನ ಕಣ್ಣು ತುಂಬಿ ಬಂತು. ಇಂಥ ಮಾತು ಅವಳು ಕೇಳಿಯೇ ಇರಲಿಲ್ಲ. "ಏನಿಲ್ಲ ರೀ," ಎಂದಳು.

ಮರುದಿನವೂ ಕೇಳಿದ. ಅದರ ಮರುದಿನವೂ. ರೊಟ್ಟಿ ಬಡಿಯುವಾಗ ಕೇಳಿದ, ನೀರು ಸೇದುವಾಗ ಕೇಳಿದ, ಅವಳು ತಲೆ ಬಾಚಿಕೊಂಡು ಬಾಯಲ್ಲಿ ದಾರ ಕಚ್ಚಿರುವಾಗಲೂ ಕೇಳಿದ. ಕಡೆಗೊಂದು ದಿನ ಅವಳು ಹೇಳಿದಳು:

"ಮನೆಯಲ್ಲಿ ಉಪ್ಪಿಲ್ಲ. ಅದೇ ಕೊರತೆ."

"ತಮಾಷೆ ಬೇಡ. ಮನಸ್ಸಿನ ಕೊರತೆ ಹೇಳು."

"ಮೊದಲು ಉಪ್ಪು ತನ್ನಿರಿ. ಮನಸ್ಸನ್ನು ಊಟವಾದ ಮೇಲೆ ನೋಡೋಣ."

ಅವನು ಉಪ್ಪು ತಂದ. ತಂದವನೇ, ಇನ್ನು ಮುಂದೆ ಉಪ್ಪು ತೀರುವ ಮುಂಚೆಯೇ ತರುವವನಾಗಬೇಕು ಎಂದು ನಿಶ್ಚಯಿಸಿ, ದಿನಕ್ಕೊಂದು ಸಲ ಮಡಿಕೆಯೊಳಗೆ ಕೈ ಹಾಕಿ ಅಳೆಯತೊಡಗಿದ.

ಇದೆಲ್ಲ ಆಗಲಿ. ಬಾನಿಯ ಮಾತು ಬೇರೆ. ಬಾನಿ ಮಲಗಿದಾಗ ಅವನ ಕೈ ಸುಮ್ಮನಿರಲಿಲ್ಲ. ಕಂಬಳಿ ಸರಿಸಿ, ಮುಚ್ಚಳದ ಅಂಚು ಎತ್ತಿ ಮೂಸಿದ. ವಾಸನೆ ಸರಿಯಾಗಿತ್ತು. ಇನ್ನೊಂದಿಷ್ಟು ಸರಿಯಾಗಲಿ ಎಂದು ಬೆಲ್ಲ ಹಾಕಿ ಕೋಲಿನಿಂದ ತಿರುವಿದ. ಸಂಜೆ ಬೆಲ್ಲ ಹಿಡಿಯಿತೋ ಇಲ್ಲವೋ ಎಂದು ಮತ್ತೆ ತೆಗೆದ. ಹಿಡಿದಿರಲಿಲ್ಲ. ಸುಣ್ಣ ಹಾಕಿದ.

ಮುಂದಿನ ಸಲ ನೂಲಿಗೆ ನೀಲಿ ತೆಳ್ಳಗೆ ಬಂತು. ತೊಳೆದರೆ ಬಣ್ಣ ಬಿಟ್ಟಿತು. ಗುರುಪಾದ ತನ್ನ ದುಡಿಮೆ ಸಾಲದು ಎಂದುಕೊಂಡ. ಇನ್ನೂ ಬೇಗ ಎದ್ದ, ಇನ್ನೂ ಹೆಚ್ಚು ಸಲ ತೆಗೆದ.

"ಅತ್ತೆ ಒಮ್ಮೆ ಮುಚ್ಚಿದರೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ," ಎಂದಳು ದುಂಡವ್ವ.

"ನಮ್ಮವ್ವನಿಗೆ ಅಷ್ಟೇ ಸಾಕಾಗಿತ್ತು."

"ಸಾಕು ಅನ್ನುವುದು ಬೈಗುಳವೇನು?"

ಅವನಿಗೆ ಆ ಮಾತು ಕೇಳಿಸಲಿಲ್ಲ. ತಲೆ ಬಾನಿಯೊಳಗಿತ್ತು.

ಅಷ್ಟರಲ್ಲಿ ದುಂಡವ್ವನಿಗೆ ಜ್ವರ ಬಂತು. ಗುರುಪಾದ ಒಳ್ಳೆಯ ಗಂಡನಾಗಿದ್ದ, ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಅವಳು ಕಣ್ಣು ಮುಚ್ಚಿದಾಗಲೆಲ್ಲ ಭುಜ ಅಲುಗಿಸಿ "ಈಗ ಹೇಗಿದೆ?" ಎನ್ನುವನು. "ಹಾಗೇ ಇದೆ" ಎಂದರೆ ಕಷಾಯ ಬದಲಿಸುವನು. ದುಂಡವ್ವ ಜ್ವರ ಬಿಡುವ ಮುಂಚೆಯೇ ಎದ್ದು ಒಲೆಯ ಮುಂದೆ ಕೂತಳು. ಒಲೆಯ ಮುಂದೆ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ.

ಒಂದು ಬೆಳಗ್ಗೆ ಅವಳು ಸೀರೆಯ ಗಂಟು ಕಟ್ಟಿದಳು. ಒಂದು ಸಣ್ಣ ಗಡಿಗೆಯನ್ನು ಬಾನಿಯ ತಳಕ್ಕೆ ಇಳಿಸಿ ಹೆಪ್ಪಿಗೆ ಆಗುವಷ್ಟು ಗಸಿ ತುಂಬಿದಳು. ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಹಸಿ ಮಣ್ಣು ಮೆತ್ತಿದಳು.

"ಎಲ್ಲಿಗೆ?" ಎಂದ ಗುರುಪಾದ.

"ತವರಿಗೆ."

"ನಾನೇನು ತಪ್ಪು ಮಾಡಿದೆ? ಹೇಳು, ತಿದ್ದಿಕೊಳ್ಳುತ್ತೇನೆ."

"ತಪ್ಪೇನಿಲ್ಲ ರೀ. ಸ್ವಲ್ಪ ನಿದ್ದೆ ಮಾಡಿ ಬರುತ್ತೇನೆ."

"ಈ ಗಡಿಗೆ ಯಾಕೆ?"

"ಮನೆಗೆ ಕೇಡು ಬಂದರೆ ಒಂದು ಗಡಿಗೆ ಬೇರೆ ಇಟ್ಟಿರು ಅಂತ ಅತ್ತೆ ಹೇಳಿದ್ದರು."

"ಮನೆಗೆ ಏನು ಕೇಡು ಬಂದಿದೆ?"

ದುಂಡವ್ವ ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು ನಡೆದಳು.

ಇನ್ನು ಅಡ್ಡ ಬರುವವರು ಯಾರೂ ಇರಲಿಲ್ಲ. ಗುರುಪಾದ ಬಾನಿಯ ಪಕ್ಕದಲ್ಲೇ ಉಂಡ, ಅಲ್ಲೇ ಕೂತ. ಕೆಲವು ದಿನ ಕಳೆದು ಒಂದು ಬೆಳಗ್ಗೆ ಮುಚ್ಚಳ ತೆಗೆದರೆ, ಒಳಗೆ ನೀರು ನೀಲಿಯಾಗಿತ್ತು. ಕೆರೆಯ ನಡುವಿನ ನೀರಿನ ಹಾಗೆ, ನೋಡಲು ಬಲು ಚೆಂದ.

ಆ ಹೊತ್ತಿಗೆ ನೇಕಾರರ ಹಿರಿಯ ಬಂದು ಹೊಸ್ತಿಲಲ್ಲಿ ನಿಂತ. "ಎದ್ದಿದ್ದಾಳಾ?" ಎಂದ. ತೆರೆದ ಮುಚ್ಚಳ ಕಂಡು ಒಳಗೆ ಬಂದು ಬಗ್ಗಿ ನೋಡಿದ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸಾವಿನ ಮನೆಯಲ್ಲಿ ಕೂತ ಹಾಗೆ ಸ್ವಲ್ಪ ಹೊತ್ತು ಕೂತ. "ನಾವು ನೂಲು ಹೊತ್ತು ಬೇರೆ ಊರಿಗೆ ಹೋಗಬೇಕಾಗುತ್ತದೆ, ಗುರುಪಾದಾ. ಮಗ್ಗ ಕಾಯುವುದಿಲ್ಲ," ಎಂದು ಎದ್ದುಹೋದ.

ಗುರುಪಾದನಿಗೆ ತಿದ್ದಲು ಏನೂ ಉಳಿದಿರಲಿಲ್ಲ. ಗುಡ್ಡ ಹತ್ತಲಿಲ್ಲ, ಹುರುಳಿ ಬೇಯಿಸಲಿಲ್ಲ. ನೆಲಕ್ಕೆ ತಲೆ ಕೊಟ್ಟ. ಬಿಸಿಲು ಹೊಸ್ತಿಲು ದಾಟಿ ಮುಖದ ಮೇಲೆ ಬಂದು ಹೋದರೂ ಎಚ್ಚರವಾಗಲಿಲ್ಲ. ಜ್ಞಾನ ಬಂತು ಎಂದೇನೂ ತಿಳಿಯಬೇಡ ತಮ್ಮಾ. ಬರೀ ನಿದ್ದೆ ಬಂತು.

ಎದ್ದ ಮೇಲೆ ಹೆಂಡತಿಯ ಊರಿಗೆ ನಡೆದ. ಅಂಗಳಕ್ಕೆ ಕಾಲಿಡುವಾಗ ಒಳಗೆ ಯಾರೋ ನಗುತ್ತಿದ್ದರು. ಯಾರ ನಗು ಎಂದು ಗುರುತು ಹತ್ತಲಿಲ್ಲ. ಒಳಗೆ ಹೋಗಿ ನೋಡಿದರೆ ದುಂಡವ್ವ. ಅತ್ತಿಗೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮುಖ ತುಂಬಿಕೊಂಡಿತ್ತು.

"ಬಾನಿ ಹೋಯಿತು," ಎಂದ.

"ಮೊದಲು ಉಣ್ಣಿರಿ," ಎಂದಳು.

ಉಂಡು ಕೈ ತೊಳೆದಾಗ ಅವನಿಗೆ ಒಲೆಯ ಪಕ್ಕದ ಬೂದಿಯಲ್ಲಿ ಹೂತಿಟ್ಟ ಗಡಿಗೆ ಕಂಡಿತು. ಮೆತ್ತಿದ ಮಣ್ಣು ಒಣಗಿ ಬಿಳಿಚಿತ್ತು, ಎಲ್ಲೂ ಒಡೆದಿರಲಿಲ್ಲ.

"ಜೀವ ಇದೆಯಾ?"

"ಗೊತ್ತಿಲ್ಲ."

"ನೋಡಲೇ ಇಲ್ಲವಾ?"

"ಇಲ್ಲ."

ಅವನು ಗಡಿಗೆಯ ಬಾಯಿಗೆ ಕೈ ಹಾಕಿದ. ದುಂಡವ್ವ ತಡೆಯಲಿಲ್ಲ.

"ತೆಗೆಯಿರಿ. ಸತ್ತಿದ್ದರೆ ಸತ್ತದ್ದು ತಿಳಿಯುತ್ತದೆ. ಬದುಕಿದ್ದರೆ ಗಾಳಿ ತಾಗಿ ಇವತ್ತು ಸಾಯುತ್ತದೆ. ಅಷ್ಟೇ ಇರುವುದು ಅದರಲ್ಲಿ."

"ಗೊತ್ತಿಲ್ಲದೆ ಹೇಗೆ ಇರುವುದು, ದುಂಡವ್ವಾ?"

"ನಿಮ್ಮನ್ನು ಕಟ್ಟಿಕೊಂಡು ನಾನು ಇರಲಿಲ್ಲವೇ?"

ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಆಚೆ ಹೋದಳು. ಗುರುಪಾದ ಗಡಿಗೆಯ ಮೇಲೆ ಇಟ್ಟ ಕೈಯನ್ನು ಬಹಳ ಹೊತ್ತು ಹಾಗೇ ಇಟ್ಟಿದ್ದ. ಆ ಕೈ ಉಗುರಿನ ತನಕ ನೀಲಿ. ಅದು ಇಷ್ಟು ದಿನ ತಾನು ಮುಟ್ಟಿದ್ದನ್ನು ಬಿಟ್ಟ ಕೈಯಲ್ಲ. ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಕಡೆಗೆ ಅವನು ಕೈ ತೆಗೆದ. ತೆಗೆದು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ.

"ಹೊರಡೋಣ," ಎಂದಳು ದುಂಡವ್ವ.

ಗಡಿಗೆ ಹೊತ್ತವನು ಅವನೇ. ದಾರಿಯಲ್ಲಿ ಒಮ್ಮೆ ಕಿವಿ ಹಚ್ಚಿದ. ಹೆಂಡತಿ ನೋಡಿದಳು. ಕಿವಿ ತೆಗೆದ.

ಮನೆಯಲ್ಲಿ ಸತ್ತ ನೀರನ್ನು ಮೊಗೆದು ಚೆಲ್ಲಿ, ಬಾನಿ ತೊಳೆದು, ಬೆಚ್ಚಗಿನ ಸುಣ್ಣದ ತಿಳಿ, ನೀಲಿ, ಬೆಲ್ಲ ತುಂಬಿದರು. ದುಂಡವ್ವ ಮಣ್ಣು ಒಡೆದು, ಗಡಿಗೆಯನ್ನು ಬಾನಿಯ ನೀರಿನೊಳಗೇ ಮುಳುಗಿಸಿ ಬಗ್ಗಿಸಿದಳು. ಗಸಿಯ ಬಣ್ಣ ಯಾರಿಗೂ ಕಾಣಲಿಲ್ಲ. ಮುಚ್ಚಿ ಕಂಬಳಿ ಹೊದಿಸಿದರು.

ಆಮೇಲಿನ ದಿನಗಳು ಉದ್ದವಾಗಿದ್ದವು. ಗುರುಪಾದ ಕಂಬಳಿಗೆ ಬೆನ್ನು ಮಾಡಿ ಕೂಡುತ್ತಿದ್ದ. ನೇಕಾರರ ಹಿರಿಯ ಒಂದು ದಿನ ಆಸೆಯಿಂದ ಬಂದು "ಎದ್ದಿದ್ದಾಳಾ?" ಎಂದ.

ಒಳಗಿರುವುದು ಬಾಣಂತಿಯೋ ಹೆಣವೋ ಗುರುಪಾದನಿಗೆ ತಿಳಿಯದು. ಆದರೂ, "ಮಲಗಿದ್ದಾಳೆ," ಎಂದ.

ಹಿರಿಯ ತಲೆಯಾಡಿಸಿ ಹೊರಟುಹೋದ.

ಒಂದು ಬೆಳಗ್ಗೆ ಮುಚ್ಚಳ ತೆಗೆದವಳು ದುಂಡವ್ವ. ನೂಲು ಹಸಿರಾಗಿ ಮೇಲೆ ಬಂತು. ಗಾಳಿಯಲ್ಲಿ ಹಿಡಿದರು. ನೀಲಿಗೆ ತಿರುಗಿತು. ತಾಯಿಯ ಕಾಲದಲ್ಲಿ ಹೇಗಿತ್ತೋ ಹಾಗೆ. ಕೂದಲೆಳೆಯಷ್ಟೂ ಹೆಚ್ಚಲ್ಲ.

ಮುಂದೆ ಏನಾಯಿತು ಎಂದರೆ, ನೇಕಾರರಲ್ಲಿ ಕೆಲವರು ಮರಳಿ ಬಂದರು, ಕೆಲವರಿಗೆ ಬೇರೆ ಊರಿನ ದಾರಿಯೇ ರೂಢಿಯಾಯಿತು. ಹಿರಿಯ ಕಡೆಯತನಕ ಈ ಹೊಸ್ತಿಲಿಗೇ ಬಂದ. ಆ ವ್ಯಾಪಾರಿ ಸಂತೆಯಿಂದ ಸಂತೆಗೆ ತಿರುಗುತ್ತಲೇ ಇದ್ದ. ಅವನು ಕೆಟ್ಟವನಲ್ಲ, ಹೋದ ಕಡೆಯೆಲ್ಲ ಅದೊಂದು ಮಾತು ಬಿಟ್ಟು ಬರುತ್ತಿದ್ದ. ಗುರುಪಾದನ ಹೊಟ್ಟೆ ಮತ್ತೆ ಮುಂದೆ ಬಂತು. ಉಪ್ಪು ಆಗಾಗ ತೀರುತ್ತಿತ್ತು, ಆಗ ಹೋಗಿ ತರುತ್ತಿದ್ದ. ದುಂಡವ್ವ ಮುದುಕಿಯಾಗುವತನಕ ಬಾಳಿದಳು. ದಿನಾ ಊಟವಾದ ಮೇಲೆ ಒಂದು ಹೊತ್ತು ಮಲಗುತ್ತಿದ್ದಳು. ಯಾರಾದರೂ ಬಂದು ಅವಳ ಹೆಸರು ಕೂಗಿದರೆ ಗುರುಪಾದ ತುಟಿಯ ಮೇಲೆ ಬೆರಳಿಡುತ್ತಿದ್ದ. ಹಾಗೆ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಸಂಜೆಯವರೆಗೂ ಅವನು ಎಬ್ಬಿಸಲಿಲ್ಲ.

ಅವ್ವ ಕತೆ ನಿಲ್ಲಿಸಿದಳು. ಬಸವಂತ ಕಂಬಕ್ಕೆ ಒರಗಿಕೊಂಡೇ ಇದ್ದ. ಸ್ವಲ್ಪ ಹೊತ್ತಿಗೆ ಕಾಲು ಮಡಿಚಿ, ಬೆನ್ನು ನೆಟ್ಟಗೆ ಮಾಡಿ ಕೂತ. ಮುಖದಲ್ಲಿ ಉತ್ಸಾಹ ಬಂದಿತ್ತು.

"ತಿಳಿಯಿತು ಅವ್ವಾ. ನಾಳೆಯಿಂದ ದಿನಾ ಮಧ್ಯಾಹ್ನ ಏನೂ ಮಾಡದೆ ಕೂಡುತ್ತೇನೆ. ಎಷ್ಟು ಚೆನ್ನಾಗಿ ಕೂತೆ ಎಂದು ಸೋಮವಾರ ಬಂದು ಹೇಳುತ್ತೇನೆ."

"ಬರಬೇಡ, ತಮ್ಮಾ," ಎಂದಳು ಅವ್ವ.

ಬಸವಂತ ಮತ್ತೆ ಕಂಬಕ್ಕೆ ಒರಗಿ ಕಾಲು ಚಾಚಿದ.