ಹೋಗಿಬರುವವಳು

"ಗುರುಗಳೇ, ಹೋಗಿ ಹಾಗೇ ತಿರುಗಿ ಬರುವವನಿಗೂ ಈ ಕಟ್ಟುಪಾಡು ಬೇಕೇ?" ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಶಿಷ್ಯ. ಊರಲ್ಲಿ ಅವನ ಅಣ್ಣಂದಿರಿಬ್ಬರು ಜಗಳವಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡದಂತಾಗಿದ್ದರು. ಹಿರಿಯಣ್ಣ ಇವನಿಗೆ ಊರಿಗೆ ಬಾ ಎಂದು ಹೇಳಿಕಳಿಸಿದ್ದ. ಆ ಮಠದಲ್ಲಿ ಒಂದು ಪದ್ಧತಿ ಇತ್ತು. ಊರಿಗೆ ಹೊರಟವರು ಕೆಲವು ದಿನ ಮೊದಲೇ ಗುರುವಿನ ಎದುರು ಬಂದು ಕೂರಬೇಕು. ಊರಲ್ಲಿ ಯಾವ ಮಾತು ಕಿವಿಗೆ ಬಿದ್ದೀತು, ಯಾವುದಕ್ಕೆ ತನ್ನ ಮೈ ಉರಿದೀತು ಎಂಬುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಬರುವ ಸಿಟ್ಟು ಇಲ್ಲೇ ಮೊದಲು ಅಷ್ಟಿಷ್ಟು ಬಂದು ಇಳಿಯಲಿ ಎಂಬುದು ಅದರ ಉದ್ದೇಶ. ಅಡವಯ್ಯ ಹಾಗೆ ಬಂದು ಕೂತಿರಲಿಲ್ಲ. ಅಂದು ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡೇ ಬಂದು ನಿಂತಿದ್ದ.

"ಅಲ್ಲೇ ಉಳಿಯುವವರಿಗೆ ಬೇಕು, ಒಪ್ಪುತ್ತೇನೆ. ನಾನು ಹೋಗಿ ಬರುತ್ತೇನೆ, ಅಷ್ಟೇ" ಎಂದ.

ಗುರುಗಳು ನಕ್ಕರು. "ಹೋಗಿ ಬರುವವಳ ಕತೆಯೊಂದಿದೆ. ಚೀಲ ಇಳಿಸುವುದಿದ್ದರೆ ಇಳಿಸು, ಇಲ್ಲದಿದ್ದರೆ ಇರಲಿ. ಭಾರ ನಿನ್ನದು" ಎಂದು ಹೇಳತೊಡಗಿದರು.

ಒಬ್ಬ ಕುದುರೆ ವ್ಯಾಪಾರಿ ಇದ್ದ. ಒಳ್ಳೆಯವನು. ಕುದುರೆ ವ್ಯಾಪಾರಿ ಒಳ್ಳೆಯವನು ಎಂದರೆ ಜನ ನಗುತ್ತಾರೆ, ನಗಲಿ. ಅವನು ಮುದಿ ಕುದುರೆಯ ಹಲ್ಲು ಉಜ್ಜಿ ಪ್ರಾಯದ್ದೆಂದು ಮಾರಿದವನಲ್ಲ. ಕುಂಟುವ ಕುದುರೆಗೆ ಮದ್ದು ಹಾಕಿ ಓಡಿಸಿ ತೋರಿಸಿದವನೂ ಅಲ್ಲ. ಮನೆಯ ಲಾಯದಲ್ಲಿ ತಾಯಿ ಕುದುರೆಗಳನ್ನು ಸಾಕುತ್ತಿದ್ದ, ಮರಿಗಳನ್ನು ಬೆಳೆಸುತ್ತಿದ್ದ, ಪ್ರಾಯಕ್ಕೆ ಬಂದವನ್ನು ಲಾರಿಯಲ್ಲಿ ದೂರದ ನಾಡಿಗೆ ಒಯ್ದು ಕೊಡುತ್ತಿದ್ದ.

ಆ ದಾರಿ ಬಹಳ ಉದ್ದ. ನಡುವೆ ಒಂದು ತಂಗುದಾಣ. ನಾಲ್ಕೂ ಕಡೆಯಿಂದ ಬಂದ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು, ಎಲ್ಲ ಕುದುರೆಗಳೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತಿದ್ದವು. ಹಿಂದೊಂದು ಸಲ ಅಲ್ಲಿಂದಲೇ ಅವನ ಕುದುರೆಗಳಿಗೆ ಕೆಮ್ಮಿನ ಜ್ವರ ತಗುಲಿತ್ತು. ಮೂಗು ಸೋರಿ, ಮೈ ಕಾದು, ಒಂದೆರಡು ಕುದುರೆ ಲಾರಿಯಲ್ಲೇ ಸತ್ತುಹೋದವು. ಅವನ್ನು ದಾರಿಯ ಬದಿಯಲ್ಲಿ ಹೂಳಿ ಬಂದವನು ಬಹಳ ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಂದಿನಿಂದ ಅವನು ಲಸಿಕೆ ಹಾಕಿಸದೆ ಮಾರುವ ಒಂದು ಕುದುರೆಯನ್ನೂ ಹೊಸ್ತಿಲು ದಾಟಿಸಿದವನಲ್ಲ. ಹೊರಡುವ ದಿನ ಚುಚ್ಚಿಸಿದರೆ ಪ್ರಯೋಜನವಿಲ್ಲ, ಮೈಗೆ ಹತ್ತಲು ಸಮಯ ಬೇಕು ಎಂಬುದೂ ಅವನಿಗೆ ಗೊತ್ತು. ವಾರಗಟ್ಟಲೆ ಮೊದಲೇ ಪಶುವೈದ್ಯರನ್ನು ಕರೆತರುತ್ತಿದ್ದ. ಉಳಿದ ವ್ಯಾಪಾರಿಗಳು, ನಾಳೆ ಕೈಬಿಟ್ಟು ಹೋಗುವ ಕುದುರೆಗೆ ಯಾಕಪ್ಪ ಇಷ್ಟು ಉಪಚಾರ ಎಂದು ಹಾಸ್ಯ ಮಾಡುತ್ತಿದ್ದರು. ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅವನ ಲಾಯದಲ್ಲಿ ಒಂದು ಬಿಳಿ ಹೆಣ್ಣುಕುದುರೆ ಇತ್ತು. ವಯಸ್ಸಾಗಿತ್ತು, ಮರಿ ಹಾಕುವುದು ನಿಂತಿತ್ತು. ಆದರೂ ಅದಿಲ್ಲದೆ ಲಾರಿ ಹೊರಡುತ್ತಿರಲಿಲ್ಲ. ಪ್ರಾಯದ ಕುದುರೆಗಳು ಲಾರಿಯ ಹಲಗೆ ಕಂಡರೆ ಬೆದರುತ್ತವೆ, ಮುಂಗಾಲು ಊರಿ ನಿಂತುಬಿಡುತ್ತವೆ. ಬೇರೆಯವರು ಬಾರುಕೋಲು ತೆಗೆದುಕೊಳ್ಳುತ್ತಿದ್ದರು. ಇವನು ಬಿಳಿಯವಳ ಹಗ್ಗ ಬಿಚ್ಚುತ್ತಿದ್ದ. ಅವಳು ತಾನೇ ಹಲಗೆ ಹತ್ತಿ, ಎಲ್ಲಕ್ಕಿಂತ ಮುಂದೆ ಹೋಗಿ ತನ್ನ ಜಾಗದಲ್ಲಿ ನಿಂತು, ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಳು. ಆಗ ಒಂದೊಂದಾಗಿ ಎಲ್ಲವೂ ಹತ್ತುತ್ತಿದ್ದವು. ಅಲ್ಲಿ ಮುಟ್ಟಿದ ಮೇಲೆ ಅವಳು ಇಳಿದರೆ ಅವೂ ಇಳಿಯುತ್ತಿದ್ದವು. ಬರುವಾಗ ಖಾಲಿ ಲಾರಿಯಲ್ಲಿ ಅವಳೊಬ್ಬಳೇ. ಅದಕ್ಕೇ ಮನೆಯವರೆಲ್ಲ ಅವಳನ್ನು ಹೋಗಿಬರುವವಳು ಎಂದು ಕರೆಯುತ್ತಿದ್ದರು.

ನಮ್ಮಲ್ಲಿ ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲವಲ್ಲ. ಹೋಗಿ ಬರುತ್ತೇನೆ ಎನ್ನಬೇಕು. ಬರೀ ಹೋಗುತ್ತೇನೆ ಎಂದವನ ಬಾಯಿಗೆ ತಾಯಿ ಅಡ್ಡ ಕೈ ಹಿಡಿಯುತ್ತಾಳೆ. ಆ ವ್ಯಾಪಾರಿಯ ಹೆಂಡತಿಯೂ ಲಾರಿ ಹೊರಡುವಾಗ ಬಂದು ನಿಂತು, ಮಾರಿದ ಕುದುರೆಗಳಿಗೆ "ಚೆಂದಾಗಿ ಇರ್ರಿ" ಎನ್ನುತ್ತಿದ್ದಳು. ಬಿಳಿಯವಳ ಹಣೆ ಸವರಿ ಮಾತ್ರ "ಹೋಗಿ ಬಾ ಯವ್ವಾ" ಎನ್ನುತ್ತಿದ್ದಳು. ವರ್ಷ ವರ್ಷ ಈ ಮಾತು ಕೇಳಿ ಕೇಳಿ ವ್ಯಾಪಾರಿಯ ತಲೆಯಲ್ಲಿ ಎರಡು ಕೋಣೆಯೇ ಆಗಿಬಿಟ್ಟಿದ್ದವು. ಹೋಗುವವು ಒಂದರಲ್ಲಿ, ಹೋಗಿಬರುವವಳು ಇನ್ನೊಂದರಲ್ಲಿ.

ಒಂದು ವರ್ಷ ಎಂದಿನಂತೆ ಪಶುವೈದ್ಯರು ಬಂದರು. ಅವರು ಆ ತಾಲ್ಲೂಕಿಗೆ ಹೊಸಬರು. ಸೂಜಿ ಹಾಕಿ ಮುಗಿಸಿ, ಪೆಟ್ಟಿಗೆ ಮುಚ್ಚುವ ಮುಂಚೆ ಕೇಳಿದರು.

"ಹೋಗೂವು ಎಲ್ಲಾ ಬಂದೂವೇನ್ರಿ?"

"ಎಲ್ಲಾ ಬಂದೂವ್ರಿ" ಎಂದ ವ್ಯಾಪಾರಿ.

"ಆ ಬಿಳೇದು?"

"ಅದು ಹೋಗೂದಲ್ರಿ. ಮನೀದು."

ವೈದ್ಯರು ಲಾಯದ ಕಡೆ ಕಣ್ಣು ಹಾಯಿಸಿದರು. ಮೊಲೆ ಕುಡಿಯುವ ಮರಿಗಳು ತಾಯಂದಿರ ಕಾಲಡಿ ನುಸುಳಾಡುತ್ತಿದ್ದವು. "ಮನೀವಕ್ಕೂ ಹಾಕಿಸಿದ್ರ ಚಲೋ. ಇಷ್ಟು ಸಣ್ಣ ಮರಿಗೆ ಈ ಸೂಜಿ ನಡ್ಯಾಂಗಿಲ್ಲ. ಅವುಗಳ ಸುತ್ತಲಿನವು ಗಟ್ಟಿ ಇದ್ರ ಅವೂ ಉಳೀತಾವ" ಎಂದರು.

"ಮನೀ ಬಿಟ್ಟು ಎಲ್ಲಿಗೂ ಹೋಗದವಕ್ಕ ಯಾಕ ಚುಚ್ಚೂದ್ರಿ ಸುಮ್ನ" ಎಂದು ವ್ಯಾಪಾರಿ ನಕ್ಕ.

ಜಿಪುಣತನಕ್ಕೆ ಆಡಿದ ಮಾತಲ್ಲ ಅದು. ಸೂಜಿ ಬಿದ್ದ ಕುದುರೆ ಒಂದೆರಡು ದಿನ ಮೇವು ಬಿಟ್ಟು ಮಂಕಾಗಿ ನಿಲ್ಲುತ್ತದೆ. ಬಿಳಿಯವಳು ಹಾಗೆ ತಲೆ ಜೋಲಿಸಿ ನಿಲ್ಲುವುದನ್ನು ಅವನು ನೋಡಲಾರ. ಮಾರುವ ಕುದುರೆಗೆ ಮನಸ್ಸು ಕಲ್ಲು ಮಾಡಿಕೊಳ್ಳುತ್ತಿದ್ದ, ಮನೆಯದಕ್ಕೆ ಆಗುತ್ತಿರಲಿಲ್ಲ. ವೈದ್ಯರು ಪೆಟ್ಟಿಗೆ ಮುಚ್ಚಿದರು. ಹೋಗೂದಲ್ಲ ಎಂದಮೇಲೆ ಹೋಗುವುದಿಲ್ಲ ಎಂದೇ ಅವರು ತಿಳಿದರು. ಅವರನ್ನು ಏನೆನ್ನಲು ಸಾಧ್ಯ?

ಸೂಜಿ ಮೈಗೆ ಹತ್ತುವ ದಿನ ತುಂಬಿ ಲಾರಿ ಹೊರಟಿತು. ಬಿಳಿಯವಳು ಮೊದಲು ಹತ್ತಿ ಹಿಂದೆ ನೋಡಿದಳು. ಎಲ್ಲವೂ ಹತ್ತಿದವು. ತಂಗುದಾಣದ ತೊಟ್ಟಿಯಲ್ಲಿ ಎಲ್ಲವೂ ನೀರು ಕುಡಿದವು, ಬಿಳಿಯವಳೂ ಕುಡಿದಳು. ಮಾರಿದ ಕುದುರೆಗಳು ಒಂದೂ ಕೆಮ್ಮದೆ ಹೊಸ ಒಡೆಯರ ಮನೆ ಸೇರಿದವು. ವ್ಯಾಪಾರಿಗೆ ಸಮಾಧಾನವಾಯಿತು. ಈ ಸಲವೂ ದೇವರು ಕಣ್ಣು ತೆರೆದ ಎಂದುಕೊಂಡು, ಬಿಳಿಯವಳನ್ನು ಖಾಲಿ ಲಾರಿಗೆ ಹತ್ತಿಸಿಕೊಂಡು ಊರ ದಾರಿ ಹಿಡಿದ.

ದಾರಿಯಲ್ಲಿ ಅವಳು ಒಂದೆರಡು ಸಲ ಕೆಮ್ಮಿದಳು. ಧೂಳು ಎಂದುಕೊಂಡ.

ಅವಳು ಬಂದಳೆಂದರೆ ಮನೆಯಲ್ಲಿ ಒಂದು ಸಂಭ್ರಮ. ಮರಿಗಳಿಗೆ ಅವಳೆಂದರೆ ಹೆತ್ತ ತಾಯಂದಿರಿಗಿಂತ ಹೆಚ್ಚು. ಲಾರಿಯ ಸದ್ದು ಕೇಳಿದ ಕೂಡಲೇ ಬೇಲಿಯ ಹತ್ತಿರ ಓಡಿಬರುತ್ತಿದ್ದವು. ಆ ಸಲವೂ ಓಡಿಬಂದವು. ಅವಳು ಬೇಲಿ ದಾಟುವಷ್ಟರಲ್ಲಿ ಸುತ್ತಲೂ ಮುತ್ತಿಕೊಂಡು, ಒಂದನ್ನೊಂದು ತಳ್ಳಿ, ಮೂತಿಗೆ ಮೂತಿ ಹಚ್ಚಿ ಮೂಸಿದವು. ಅವಳು ಪ್ರತಿಯೊಂದರ ಮುಖವನ್ನೂ ನೆಕ್ಕಿದಳು. ವ್ಯಾಪಾರಿ ಮತ್ತು ಅವನ ಹೆಂಡತಿ ಪಕ್ಕದಲ್ಲಿ ನಿಂತು ಅದನ್ನು ನೋಡಿ ಕಣ್ತುಂಬಿಕೊಂಡರು. ಪಾಪ, ಅದಕ್ಕಿಂತ ಚೆಂದದ ನೋಟ ಆ ವರ್ಷ ಅವರು ಕಂಡಿರಲಿಲ್ಲ.

ಸ್ವಲ್ಪ ದಿನಕ್ಕೆ ಮೊದಲ ಮರಿಯ ಮೂಗು ಸೋರಿತು. ಆಮೇಲೆ ಇನ್ನೊಂದರದು. ತಾಯಂದಿರು ಕೆಮ್ಮಿದರು, ಹಾಲು ಬತ್ತಿತು. ವೈದ್ಯರು ಓಡಿಬಂದರು. ಮರಿಗಳ ಎದೆಗೆ ಕಿವಿಯಿಟ್ಟು ಕೇಳಿ, ಎದ್ದು ನಿಂತಾಗ ಅವರ ಮುಖ ಸಣ್ಣದಾಗಿತ್ತು.

"ಇದು ಹೊರಗಿಂದ ಬಂದದ್ದು. ನಿಮ್ಮ ಲಾಯದಾಗಿಂದು ಯಾವುದಾದ್ರೂ ಹೊರಗ ಹೋಗಿತ್ತೇನು?"

"ಯಾವುದೂ ಹೋಗಿಲ್ರಿ" ಎಂದ ವ್ಯಾಪಾರಿ.

ಅವನು ಸುಳ್ಳು ಹೇಳಲಿಲ್ಲ. ಹೋದವು ಹೋಗಿದ್ದವು, ಅವು ಈಗ ಅವನ ಲಾಯದವಲ್ಲ. ಇಲ್ಲಿರುವವು ಯಾವುವೂ ಹೋಗಿರಲಿಲ್ಲ. ತಲೆಯೊಳಗಿನ ಒಂದು ಕೋಣೆಯನ್ನು ಪೂರಾ ಹುಡುಕಿ ಹೇಳಿದ ಮಾತು ಅದು. ಹಿಂದೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕೈಯಿಂದ ನೀರಿನ ಬಕೀಟು ಜಾರಿತು.

"ಆಕಿ ಹೋಗಿ ಬಂದಾಳಲ್ರಿ" ಎಂದಳು.

ಲಾಯದ ಮೂಲೆಯಲ್ಲಿ ಬಿಳಿಯವಳು ಕೆಮ್ಮಿದಳು. ಹೋಗಿ ಬಾ ಎಂಬ ಮಾತಿನಲ್ಲಿ ಹೋಗು ಎಂಬುದೂ ಇದೆ ಎಂದು ವ್ಯಾಪಾರಿಗೆ ಅಲ್ಲಿಯವರೆಗೆ ಕೇಳಿಸಿಯೇ ಇರಲಿಲ್ಲ. ನೆಲಕ್ಕೆ ಚೆಲ್ಲಿದ ನೀರು ಅವನ ಕಾಲಿನವರೆಗೆ ಬಂದರೂ ಅವನು ಸರಿಯಲಿಲ್ಲ.

ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ಬಿಳಿಯವಳನ್ನು ಬೇರೆ ಕಟ್ಟಿಸಿದರು, ಔಷಧಿ ಕೊಟ್ಟರು, ಎಡೆಬಿಡದೆ ಬಂದು ನೋಡಿದರು. ತಾಯಂದಿರು ಬಡಕಲಾಗಿ ಉಳಿದವು. ಮರಿಗಳು ಉಳಿಯಲಿಲ್ಲ, ಒಂದೂ ಉಳಿಯಲಿಲ್ಲ. ಒಂದು ಕೆಂದು ಮರಿ ಇತ್ತು, ಬಿಳಿಯವಳ ನೆರಳಿನಂತೆ ಓಡಾಡುತ್ತಿತ್ತು. ಅದು ಕೊನೆಯ ತನಕ ಅವಳನ್ನು ಕಟ್ಟಿದ್ದ ಕಡೆಗೇ ಮುಖ ಮಾಡಿ ಮಲಗಿತ್ತು. ಅದನ್ನು ಹೂಳುವಾಗ ವ್ಯಾಪಾರಿ ಸಣ್ಣ ಮಗುವಿನ ಹಾಗೆ ಅತ್ತ. ದಾರಿಯ ಬದಿಯಲ್ಲಿ ಹೂಳಿದವಕ್ಕೂ ಅವನು ಅತ್ತಿದ್ದ, ಆದರೆ ಅಲ್ಲಿಂದ ಎದ್ದು ಮನೆಗೆ ಬರಬಹುದಿತ್ತು. ಈ ಸಲ ಹೂಳಿದ್ದು ಹಿತ್ತಲಲ್ಲಿ.

ಬಿಳಿಯವಳು ಗುಣವಾದಳು. ಆ ಜ್ವರ ಅವಳಿಗೆ ಒಂದು ಶೀತದಷ್ಟೇ ಆಗಿ ಹೋಯಿತು. ಅವಳಿಗೆ ಮರಿಗಳು ಎಲ್ಲಿ ಹೋದವೆಂದು ತಿಳಿಸುವವರಾರು? ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತು ಕಾದು ತಿರುಗಿ ಬರುತ್ತಿದ್ದಳು. ಹೆಂಡತಿ ಅವಳಿಗೆ ಮೇವು ಹಾಕುತ್ತಿದ್ದಳು, ಹಣೆ ಸವರುತ್ತಿರಲಿಲ್ಲ. ಬೈದವರು ಯಾರೂ ಇಲ್ಲ. ಬೈಯುವುದಾದರೆ ಯಾರನ್ನು ಬೈಯಬೇಕು?

ಮರುವರ್ಷದಿಂದ ವ್ಯಾಪಾರಿ ಲಾಯದಲ್ಲಿ ಸೂಜಿ ಹಾಕಿಸಿಕೊಳ್ಳಬಹುದಾದ ಎಲ್ಲಕ್ಕೂ ಹಾಕಿಸಿದ. ಬಿಳಿಯವಳನ್ನೇ ಮೊದಲು ತಂದು ನಿಲ್ಲಿಸಿದ. ಆದರೆ ಲಾರಿಯಲ್ಲಿ ಒಯ್ಯುವಂಥವು ಅವನಲ್ಲಿ ಬಹಳ ಕಾಲ ಬೆಳೆಯಲಿಲ್ಲ. ಬೆಳೆಯಬೇಕಾದವು ಹಿತ್ತಲಲ್ಲಿದ್ದವು. ಒಂದು ದಿನ ಲಾರಿಯನ್ನು ಯಾರಿಗೋ ಮಾರಲೆಂದು ತೊಳೆದು, ಒಳಗೆ ಗುಡಿಸಲು ಹಲಗೆ ಇಳಿಸಿದ. ಬಿಳಿಯವಳು ಹಗ್ಗ ಬಿಚ್ಚಿಕೊಂಡಿದ್ದಳು. ಹಲಗೆಯ ಸದ್ದು ಕೇಳಿ ತಾನೇ ಬಂದು, ಮೆಲ್ಲಗೆ ಹತ್ತಿ, ಎಲ್ಲಕ್ಕಿಂತ ಮುಂದಿನ ತನ್ನ ಜಾಗದಲ್ಲಿ ನಿಂತಳು. ಆಮೇಲೆ ಕತ್ತು ತಿರುಗಿಸಿ ಹಿಂದೆ ನೋಡಿದಳು.

ವ್ಯಾಪಾರಿ ಕಸಬರಿಗೆ ಹಿಡಿದು ಕೆಳಗೆ ನಿಂತಿದ್ದ. ಅವಳು ನೋಡುತ್ತಲೇ ಇದ್ದಳು. ಅವನಿಗೆ ಅವಳನ್ನು ಇಳಿಸಲೂ ಆಗಲಿಲ್ಲ, ಅಲ್ಲಿಂದ ಹೋಗಲೂ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯನ ಚೀಲ ಇನ್ನೂ ಹೆಗಲ ಮೇಲೇ ಇತ್ತು. ಅಂಗಳದಲ್ಲಿ ಅವನ ಶಾಲೆಯ ಮಕ್ಕಳು ಆಡುತ್ತಿದ್ದರು. ಅವನು ಊರಿಗೆ ಹೋಗಿ ಬಂದಾಗಲೆಲ್ಲ ಆ ಮಕ್ಕಳು ಓಡಿಬಂದು ಅವನ ಕೊರಳಿಗೆ ಜೋತುಬಿದ್ದು, ಚೀಲದಲ್ಲಿ ಬೆಲ್ಲ ಪುಟಾಣಿ ಹುಡುಕುತ್ತಿದ್ದರು.

"ಬಿಳಿಯವಳದೇನು ತಪ್ಪಿತ್ತು ಗುರುಗಳೇ? ಅವಳು ಮರಿಗಳ ಮೇಲಿನ ಪ್ರೀತಿಯಿಂದಲೇ ಬಂದಳಲ್ಲ" ಎಂದ ಅಡವಯ್ಯ. ಅವನ ದನಿ ಇಳಿದಿತ್ತು.

"ಪ್ರೀತಿಯಿಂದಲೇ ಬಂದಳು. ಜ್ವರ ಜೊತೆಗೆ ಬಂದದ್ದು ಅವಳಿಗೂ ಗೊತ್ತಿರಲಿಲ್ಲ" ಎಂದು ಗುರುಗಳು ಒಪ್ಪಿದರು. ಮಕ್ಕಳ ಕಡೆ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು:

"ಹೋಗುವಾಗ ನೀನೊಬ್ಬನೇ ಹೋಗುತ್ತೀಯ ಅಡವಯ್ಯ, ಬರುವಾಗಲೂ ಒಬ್ಬನೇ ಬರುತ್ತೀಯಾ?"