ಎದುರುಮನೆಯ ಸಾವು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಒಂದು ನಾಡಿನ ಜನ ದಂಗೆಯೆದ್ದು ತಮ್ಮ ಅರಸನನ್ನೇ ಓಡಿಸಿದರು ಎನ್ನಿ. ಆಗ ನೆರೆನಾಡಿನವರು ಯಾರ ಕಡೆ ನಿಲ್ಲಬೇಕು?"

ಗುರುಗಳು ನಕ್ಕರು. ನಿನಗೆ ಮಂತ್ರಿ ಪದವಿಯೇನಾದರೂ ಬರುವುದಿದೆಯೇ ಎಂದು ಕೆಣಕಿದರು. ಆಮೇಲೆ ಈ ಕತೆ ಹೇಳಿದರು.

ಹೊಳೆಯ ಆಚೆಗೊಂದು ನಾಡು, ಈಚೆಗೊಂದು ನಾಡು. ಈಚೆಯ ಅರಸನ ರಾಯಭಾರಿಯೊಬ್ಬ ಆಚೆಯ ಪಟ್ಟಣದಲ್ಲಿ ಬಹಳ ಕಾಲದಿಂದ ಮನೆ ಮಾಡಿಕೊಂಡಿದ್ದ. ಒಬ್ಬಳೇ ಮಗಳನ್ನು ಅದೇ ಪಟ್ಟಣಕ್ಕೆ ಕೊಟ್ಟು ಮದುವೆ ಮಾಡಿದ್ದ. ಅವನ ಎದುರುಮನೆ ಒಬ್ಬ ಗಾಣಿಗನದು. ಹಬ್ಬದ ಅಡುಗೆ ಎರಡು ಮನೆಗಳ ನಡುವೆ ಹೋಗಿಬರುತ್ತಿತ್ತು.

ಆಚೆಯ ನಾಡಿನಲ್ಲಿ ದಂಗೆಯಾಯಿತು. ಗಾಣಿಗನ ಮಗ ಅರಸನ ಸೈನಿಕರ ಕೈಯಲ್ಲಿ ಸತ್ತ. ಹೆಣವನ್ನು ತಂದು ಜಗುಲಿಯ ಮೇಲೆ ಮಲಗಿಸಿದರು. ಸಾವಿನ ಮನೆಗೆ ಯಾರೂ ಕರೆಯುವುದಿಲ್ಲ, ನಾವಾಗಿಯೇ ಹೋಗಬೇಕು. ರಾಯಭಾರಿಗೆ ಅದು ಗೊತ್ತಿತ್ತು. ಶಲ್ಯ ಹೊದ್ದು ಹೊರಟೂ ಇದ್ದ. ಆದರೆ ಗೆದ್ದವರು ಯಾರೆಂದು ತಿಳಿಯುವ ತನಕ ಯಾರ ಮನೆಗೂ ಹೋಗಕೂಡದೆಂದು ಅವನ ಅರಸ ಹೇಳಿಕಳಿಸಿದ್ದ. ಬಾಗಿಲವರೆಗೆ ಬಂದವನು ಅಗಳಿ ಹಾಕಿಕೊಂಡು ಒಳಗೆ ಕೂತ. ಅವನು ಕೆಟ್ಟವನಲ್ಲ, ಹೇಳಿದ ಮಾತು ಕೇಳುವವನು. ಇಂಥವರನ್ನು ಕಂಡರೆ ನನಗೆ ಕೆಟ್ಟವರಿಗಿಂತ ಹೆಚ್ಚು ಭಯ.

ಆಚೆಯ ಅರಸ ಓಡಿಹೋದ. ಜನರೇ ಸಭೆ ಕೂಡಿಸಿ ನಾಡು ನಡೆಸತೊಡಗಿದರು. ಗಾಣಿಗನೂ ಆ ಸಭೆಯಲ್ಲೊಬ್ಬ. ಈಗ ಈಚೆಯ ಅರಸನ ಅಪ್ಪಣೆ ಬಂತು. ರಾಯಭಾರಿ ರೇಷ್ಮೆ, ಹಣ್ಣು ಎಲ್ಲ ತಟ್ಟೆಗಳಲ್ಲಿ ಹೊರಿಸಿಕೊಂಡು ಸಭೆಗೆ ಹೋಗಿ ಸ್ನೇಹದ ಮಾತಾಡಿದ.

ಗಾಣಿಗ ತಟ್ಟೆಯನ್ನು ಮುಟ್ಟಲಿಲ್ಲ. "ನನ್ನ ಮಗನ ಹೆಣ ಎತ್ತುವಾಗ ನಿಮ್ಮ ಬಾಗಿಲು ಹಾಕಿತ್ತು, ಸ್ವಾಮಿ. ಇವತ್ತು ಯಾರನ್ನು ನೋಡಲು ಬಂದಿರಿ?" ಎಂದ.

ಸಭೆ ರಾಯಭಾರಿಯನ್ನು ಹೊಳೆ ದಾಟಿಸಿ ಕಳಿಸಿಬಿಟ್ಟಿತು. ಈಚೆಯ ಅರಸ ಅವಮಾನವಾಯಿತೆಂದು ದಡಕ್ಕೆ ಸೈನ್ಯ ತಂದ. ಆಚೆಯವರೂ ತಂದರು. ದೋಣಿ ನಿಂತಿತು. ಮಗಳು ಆಚೆಯೇ ಉಳಿದಳು.

ಕೆಲವು ವರ್ಷಗಳ ಮೇಲೆ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಸುದ್ದಿ ಮೀನುಗಾರರ ಬಾಯಿಂದ ಈಚೆ ದಡ ಮುಟ್ಟಿತು. ಮುತ್ತೈದೆ ಸತ್ತರೆ ತವರಿನವರು ಸೀರೆ ತಂದು ಹೊದಿಸದೆ ಹೆಣ ಎತ್ತುವುದಿಲ್ಲ, ಅದು ಆ ಸೀಮೆಯ ಪದ್ಧತಿ. ತಂದೆ ಸೀರೆ ಹಿಡಿದು ದಡಕ್ಕೆ ಓಡಿದ. ಕಾವಲಿನವರ ಕಾಲಿಗೆ ಬಿದ್ದ. ಅವನದೇ ಅರಸನ ಕಾವಲಿನವರು. ಅವರೂ ಹೇಳಿದ ಮಾತು ಕೇಳುವವರೇ. ಬಿಡಲಿಲ್ಲ.

ಆಚೆ ಹೊತ್ತು ಇಳಿಯುವವರೆಗೂ ಕಾದರು. ಕೊನೆಗೆ ಗಾಣಿಗನೇ ಒಂದು ಸೀರೆ ತಂದು, ತವರಿನವನಾಗಿ ನಿಂತು, ಆ ಹುಡುಗಿಗೆ ಹೊದಿಸಿದ. ಹೊದಿಸಿ, ತಾನು ಅಂದು ಸಭೆಯಲ್ಲಿ ಆಡಿದ ಮಾತು ನೆನೆದು ಅತ್ತನಂತೆ. ಈಚೆ ದಡದಲ್ಲಿ ತಂದೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಆಚೆ ಹೊಗೆ ಏಳುವುದನ್ನು ನೋಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. "ಹಾಗಾದರೆ ರಾಯಭಾರಿ ಆಚೆಯ ಅರಸನ ಕಡೆ ನಿಲ್ಲಬೇಕಿತ್ತೋ, ಜನರ ಕಡೆಯೋ?" ಎಂದ.

ಗುರುಗಳು ಹೇಳಿದರು: "ಎಲ್ಲಿಯೂ ನಿಲ್ಲಬೇಕಿರಲಿಲ್ಲಪ್ಪ, ಎದುರುಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದರೆ ಸಾಕಿತ್ತು."