ಚಂದ್ರನ ಸಲುವಾಗಿ ತೆರೆದ ಬಾಗಿಲು

ಕುಂತೂರಿನ ದೊರೆ ಡಂಗುರ ಸಾರಿಸಿದ: ‘ರಾಜಕುಮಾರಿ ಹೊನ್ನಲೆಯ ಮೂರು ಒಗಟು ಬಿಡಿಸಿದವನಿಗೆ ಅವಳೊಡನೆ ಮದುವೆ. ತಪ್ಪಿದವನಿಗೆ ಶಿರಚ್ಛೇದ.’ ಎರಡರಲ್ಲಿ ಒಂದಂತೂ ಖಚಿತವಾಗಿದ್ದರಿಂದ ಜನ ಬಂದರು.

ಮೊದಲ ಒಗಟು: ‘ನಮ್ಮದೂ ಹೌದು, ಶತ್ರುವಿನದೂ ಹೌದು, ಆದರೂ ಅದಕ್ಕಾಗಿ ಯುದ್ಧ ಆಗಿಲ್ಲ. ಏನದು?’

ಸೇನಾಪತಿಯ ಮಗ ‘ಅಂಥದ್ದು ಇರಲಾರದು’ ಎಂದ. ಒಬ್ಬ ಪಾಳೆಯಗಾರ ‘ಎಲ್ಲಿದೆ ತೋರಿಸಿ, ಯುದ್ಧ ಮಾಡೋಣ’ ಎಂದ. ಇಬ್ಬರೂ ಸೆರೆಮನೆಯಲ್ಲಿ, ಸದ್ಯಕ್ಕೆ ತಲೆಗಳ ಸಮೇತ, ಸರದಿ ಕಾಯುತ್ತಿದ್ದರು.

ಆಮೇಲೆ ಬಂದವನು ಬೀರಣ್ಣ. ಕುರಿ ಕಾಯುವವನು, ಅದೂ ಗಡಿಯಾಚೆ ಬಲು ದೂರದ ಮಾವಟೂರಿನವನು, ಗುಡ್ಡದ ಕುರಿದಾರಿಯಲ್ಲಿ ಗಡಿ ದಾಟಿ ಬಂದಿದ್ದ. ಎರಡು ರಾಜ್ಯಗಳು ಮಾತು ಬಿಟ್ಟು, ಗಡಿಬಾಗಿಲು ಮುಚ್ಚಿ ತಲೆಮಾರುಗಳೇ ಕಳೆದಿದ್ದವು. ಕಾರಣ ಗೊತ್ತಿದ್ದವರು ತೀರಿಕೊಂಡಿದ್ದರು. ಕೋಪ ಮಾತ್ರ ಆರೋಗ್ಯವಾಗಿತ್ತು.

‘ಅಷ್ಟು ದೂರದಿಂದ ತಲೆ ಕೊಡೋಕೆ ಬಂದೆಯಾ?’ ಎಂದ ದೊರೆ.

‘ಇರೋದು ಒಂದೇ, ಸ್ವಾಮಿ. ವಾಪಸ್ ಒಯ್ಯೋ ಆಸೆ ಇದೆ. ಮೊದಲ ಒಗಟಿಗೆ ಉತ್ತರ ಚಂದ್ರ.’

ಹೊನ್ನಲೆ ತಲೆಯೆತ್ತಿ ನೋಡಿ ಎರಡನೆಯದನ್ನು ಕೇಳಿದಳು. ‘ಒಬ್ಬರೇ ಆಯುಷ್ಯವಿಡೀ ನೋಡಿದರೂ ತಿಳಿಯದು, ಇಬ್ಬರು ದೂರ ದೂರ ನಿಂತು ಒಂದೇ ಗಳಿಗೆಯಲ್ಲಿ ನೋಡಿದರೆ ತಿಳಿಯುತ್ತದೆ. ಏನದು?’

‘ಚಂದ್ರ ಎಷ್ಟು ದೂರ ಇದ್ದಾನೆ ಅನ್ನೋದು. ನಮ್ಮ ಗುಡ್ಡದಿಂದ ಒಬ್ಬನೇ ಅಳೆಯೋಕೆ ಹೋಗಿ ಸೋತೆ, ದೊರೆಸಾನಿ.’

‘ನಾನೂ’ ಎಂದಳು ಮೆಲ್ಲಗೆ. ಅದು ಒಗಟಿನ ಭಾಗವಾಗಿರಲಿಲ್ಲ.

ದೊರೆಗೆ ಅರ್ಥವಾಗಲಿಲ್ಲ. ‘ಮೂಗಿನ ಮುಂದೆ ಬೆರಳು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಿ ಸ್ವಾಮಿ’ ಎಂದ ಬೀರಣ್ಣ. ‘ಬೆರಳು ಜರುಗಿದ ಹಾಗೆ ಕಾಣುತ್ತೆ. ಎಷ್ಟು ಜರುಗಿತು ಅನ್ನೋದರಿಂದ ದೂರ ಗೊತ್ತಾಗುತ್ತೆ. ಚಂದ್ರನಿಗಾದರೆ ಒಂದು ಕಣ್ಣು ಇಲ್ಲಿರಬೇಕು, ಇನ್ನೊಂದು ನಮ್ಮೂರಲ್ಲಿ.’

ಇಡೀ ಆಸ್ಥಾನ ಬೆರಳು ಹಿಡಿದು ಕಣ್ಣು ಮಿಟುಕಿಸಿತು. ಅಲ್ಲಿ ಹಿಂದೆಂದೂ ಇಷ್ಟು ಒಮ್ಮತ ಕಂಡಿರಲಿಲ್ಲ.

ಮೂರನೆಯದನ್ನು ಹೊನ್ನಲೆ ಒಂದೊಂದೇ ಪದ ಬಿಡಿಸಿ ಕೇಳಿದಳು. ಈ ತಲೆ ಉಳಿಯಲಿ ಎಂದು ಅವಳಿಗೆ ಅನ್ನಿಸಿತ್ತು. ‘ಶತ್ರು ಹೇಳಿದರೂ ನಂಬಬಹುದಾದ ಮಾತು ಯಾವುದು?’

ಬೀರಣ್ಣ ಅವಳತ್ತ ತಿರುಗಿದ. ‘ನಾನೂ ನೋಡಿ ತಾಳೆ ಹಾಕಬಹುದಾದ ಮಾತು.’

‘ಸರಿಯಾಗಿದೆ’ ಎಂದಳು, ದೊರೆ ಬಾಯಿ ತೆರೆಯುವ ಮೊದಲೇ.

‘ಮದುವೆಗೆ ಅವಸರವಿಲ್ಲ ಸ್ವಾಮಿ’ ಎಂದ ಬೀರಣ್ಣ. ‘ಮುಂದಿನ ಹುಣ್ಣಿಮೆಗೆ ಗ್ರಹಣ. ಅದು ಹಿಡಿಯೋ ಗಳಿಗೆ ಎರಡು ಊರಿಗೂ ಒಂದೇ. ಆಗ ಚಂದ್ರ ಯಾವ ನಕ್ಷತ್ರದ ಪಕ್ಕ ಕಾಣ್ತಾನೆ ಅಂತ ನಾನು ಅಲ್ಲಿಂದ ನೋಡ್ತೀನಿ, ದೊರೆಸಾನಿ ಇಲ್ಲಿಂದ ನೋಡಲಿ. ಕಂಡದ್ದನ್ನು ಹೇಳೋಕೆ ಆಳು ಓಡಾಡಬೇಕು. ಗಡಿಬಾಗಿಲು ತೆಗೆಸಿ, ಸೆರೆಯಲ್ಲಿರೋ ಇಬ್ಬರನ್ನು ಆ ಕೆಲಸಕ್ಕೆ ಕಳಿಸಿಕೊಡಿ.’

ದೊರೆ ಯೋಚಿಸಿದ. ‘ತೆಗೆಯಿರಿ. ಆದರೆ ಚಂದ್ರನ ಸಲುವಾಗಿ ಅಂತ ಸಾರಿಸಿ, ಮಾವಟೂರಿನ ಸಲುವಾಗಿ ಅಲ್ಲ.’ ಮಾವಟೂರೂ ಅದೇ ಕಾರಣ ಕೊಟ್ಟು ತನ್ನ ಬಾಗಿಲು ತೆರೆಯಿತು.

ಹೊನ್ನಲೆ ಗಡಿಯವರೆಗೂ ಬಂದಳು. ‘ಇಲ್ಲೇ ಇರಬಾರದೇ?’

‘ಹತ್ತಿರ ನಿಂತರೆ ಲೆಕ್ಕ ಸಿಗೋದಿಲ್ಲ, ದೊರೆಸಾನಿ.’

‘ಸಿಕ್ಕ ಮೇಲೆ?’

‘ಸಿಕ್ಕ ಮೇಲೆ ದೂರ ಇರೋಕೆ ಕಾರಣ ಇರೋದಿಲ್ಲ.’

ಮೊದಲ ಲೆಕ್ಕ ಸ್ವಲ್ಪ ತಪ್ಪಿತ್ತಂತೆ. ಅದನ್ನು ಸರಿಪಡಿಸುವ ನೆಪದಲ್ಲಿ, ಅವರ ಮದುವೆ ಮುಗಿದ ಮೇಲೂ, ಎರಡು ಕಡೆಯವರೂ ಬಾಗಿಲು ಮುಚ್ಚಲಿಲ್ಲ.